ಹಸಿದ ಹುಳಕ್ಕೆ ಸೊಪ್ಪು ಹಾಕಿದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಮ್ಮ ಹಟ್ಟಿಯ ಮಕ್ಕಳಿಗೆ ಇದ್ದದ್ದು ಎರಡೇ ದಾರಿ. ಒಂದು, ಅಜ್ಜಿ ಊರಿಗೆ ಹೋಗಿ ತಿಂದು ಕೊಬ್ಬುವುದು. ಇನ್ನೊಂದು, ಊರಲ್ಲೇ ಉಳಿದು ಸಿಕ್ಕಸಿಕ್ಕವರ ಕೈಲಿ ಬೈಸಿಕೊಳ್ಳುವುದು. ನನಗೆ ಮಾತ್ರ ಒಂದು ವರ್ಷ ಮೂರನೆಯ ದಾರಿ ಸಿಕ್ಕಿತು. ಇಡೀ ರಜೆಯನ್ನು ನಾನು ಒಂದು ಸರ್ಕಾರಿ ರೇಷ್ಮೆ ಫಾರ್ಮಿನ ಗೇಟಿನ ಮುಂದೆ, ಬೇವಿನ ಮರದ ಬುಡದಲ್ಲಿ ಕಳೆದೆ. ಯಾರಿಗಾದರೂ ಹೇಳಿದರೆ "ಅಯ್ಯೋ ಪಾಪ" ಅನ್ನುತ್ತಾರೆ. ಪಾಪ ಏನು ಬಂತು ಅದರಲ್ಲಿ? ಅಷ್ಟು ಸೊಗಸಾದ ರಜೆ ನನಗೆ ಮತ್ತೆ ಸಿಗಲಿಲ್ಲ.

ಆ ಫಾರ್ಮು ಇದ್ದದ್ದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ನಮ್ಮವ್ವ ನಾನು ಹುಟ್ಟುವ ಮೊದಲಿನಿಂದ ಅಲ್ಲಿ ದಿನಗೂಲಿ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹುಳಕ್ಕೆ ಹಾಕುವುದು, ತಟ್ಟೆ ಕಸ ತೆಗೆಯುವುದು, ಹುಳ ಹಣ್ಣಾದಾಗ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಎಲ್ಲಾ ಅವಳೇ. ಸಂಜೆ ಮನೆಗೆ ಬಂದಾಗ ಅವಳ ಸೀರೆಯಿಂದ ಹಸಿ ಸೊಪ್ಪಿನ ವಾಸನೆ, ಅದರ ಹಿಂದೆಯೇ ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತಿತ್ತು. ನನಗೆ ಅವ್ವನ ವಾಸನೆ ಅಂದರೆ ಅದೇ.

ಒಂದು ದಿನ ಫಾರ್ಮಿನ ಸಾಹೇಬರು ದಿನಗೂಲಿಯವರನ್ನೆಲ್ಲ ಕರೆದು "ನಾಳೆಯಿಂದ ಬರಬೇಡಿ" ಅಂದರಂತೆ. ಯಾಕೆ ಅಂದರೆ ಉತ್ತರವಿಲ್ಲ. ಮಾರನೆ ದಿನದಿಂದ ಯಾವನೋ ಗುತ್ತಿಗೆದಾರನ ಹುಡುಗರು ಒಳಗೆ ಹೋಗತೊಡಗಿದರು. ಇವರೆಲ್ಲ ಸೇರಿ ಚಳ್ಳಕೆರೆಯ ಒಬ್ಬ ವಕೀಲರನ್ನು ಹಿಡಿದು ಚಿತ್ರದುರ್ಗದ ಕೋರ್ಟಿಗೆ ಹೋದರು. ಅಲ್ಲಿ ಫಾರ್ಮಿನ ಕಡೆಯವರು ಏನು ಹೇಳಿದರು ಗೊತ್ತೇ? "ನಾವು ಹುಳ ಸಾಕುವುದನ್ನೇ ನಿಲ್ಲಿಸಿದ್ದೇವೆ, ಇವರಿಗೆ ಕೊಡಲಿಕ್ಕೆ ಕೆಲಸವೇ ಇಲ್ಲ. ಅದೂ ಅಲ್ಲದೆ ಇವರು ತಾವಾಗಿಯೇ ಬಿಟ್ಟು ಹೋದವರು." ಹಾಡಹಗಲೇ ಎಂಥಾ ಸುಳ್ಳು ನೋಡಿ! ಒಳಗೆ ಮನೆ ತುಂಬ ಹುಳ. ಆದರೆ ಬಾಗಿಲು ಹಾಕಿದ ಹುಳದ ಮನೆಯೊಳಗೆ ಏನಿದೆ ಅಂತ ಹೊರಗಿನವರು ತೋರಿಸುವುದು ಹೇಗೆ? ಆಗ ಜೇಬಿಗೊಂದು ಕ್ಯಾಮೆರಾ ಇರುವ ಕಾಲವೂ ಅಲ್ಲ.

ವಕೀಲರು ಎರಡು ಮಾತು ಹೇಳಿ ಕಳಿಸಿದರು. "ದಿನಾ ಕೆಲಸದ ಹೊತ್ತಿಗೆ ಗೇಟಿನ ಮುಂದೆ ಬಂದು ನಿಂತ್ಕಳ್ರಿ, ಸಂಜೆವರೆಗೂ ಇರ್ರಿ. ಆಗ ಬಿಟ್ಟು ಹೋದ್ರು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಒಂದು ತಿಳ್ಕಳ್ರಿ, ಏನೇ ಆಗ್ಲಿ, ಗೇಟಿನ ಒಳಗೆ ಕಾಲು ಇಡಬ್ಯಾಡ್ರಿ. ನುಗ್ಗಿದ್ರು, ಗಲಾಟೆ ಮಾಡಿದ್ರು ಅಂತ ಬರ್ಕಂಬಿಟ್ರೆ ಕೇಸು ಅಲ್ಲಿಗೆ ಮುಗೀತು."

ಹೀಗೆ ನಮ್ಮ ಬೇವಿನ ಮರದ ಸಂಸಾರ ಶುರುವಾಯಿತು. ಅಪ್ಪ ಕುರಿ ಹೊಡೆದುಕೊಂಡು ನೀರಿರುವ ಕಡೆ ಹೋಗಿದ್ದ, ಮಳೆ ಬೀಳುವ ತನಕ ಬರುವವನಲ್ಲ. ಮನೆಯಲ್ಲಿ ನನ್ನೊಬ್ಬಳನ್ನೇ ಬಿಡುವ ಧೈರ್ಯ ಅವ್ವನಿಗಿರಲಿಲ್ಲ. ಬಿಟ್ಟರೆ ಮನೆ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ನಾನೂ ಗೇಟಿಗೆ.

ಮರದಡಿ ಅವರವರ ಜಾಗ ಅವರವರಿಗೆ. ಬುಡಕ್ಕೆ ಒರಗಿ ಕೂರುವವಳು ಓಬಮ್ಮಜ್ಜಿ, ಎಲ್ಲರಿಗಿಂತ ಹಿರಿಯಳು. ಗಡಿಯಾಚೆಯಿಂದ ಸೊಸೆಯಾಗಿ ಬಂದವಳು, ಮುದುಕಿಯಾದರೂ ಅರ್ಧ ಮಾತು ತೆಲುಗೇ. ರಸ್ತೆ ಕಡೆ ಮುಖ ಮಾಡಿ ಕೂರುವವನು ತಿಪ್ಪೇಸಣ್ಣ. ಕೇಸಿನ ಓಡಾಟವೆಲ್ಲ ಅವನದೇ, ಸಿಟ್ಟೂ ಅವನದೇ. ಗೇಟಿನ ಒಳಗೆ ಸ್ಟೂಲಿನ ಮೇಲೆ ಕೂರುವವನು ಪಾಲಯ್ಯ ಮಾವ. ಅವನು ಫಾರ್ಮಿನ ಕಾಯಂ ಕಾವಲುಗಾರ, ನಮ್ಮವ್ವನಿಗೆ ದೊಡ್ಡಪ್ಪನ ಮಗ. ಸ್ವಂತ ತಂಗಿಯಂಥವಳನ್ನು ಗೇಟಿನಿಂದ ಆಚೆ ತಡೆಯುವುದೇ ಅವನ ಕೆಲಸವಾಗಿತ್ತು. ಪಾಪ, ದಿನಾ ಬೆಳಗ್ಗೆ ಎದ್ದು ನಿಂತು ನೆಲ ನೋಡಿಕೊಂಡು "ಒಳಗೆ ಬಿಡಂಗಿಲ್ಲ" ಅನ್ನುತ್ತಿದ್ದ. ಅವ್ವ "ಗೊತ್ತು ಬಿಡಣ್ಣ, ಕಾಫಿ ಕುಡ್ದಾ?" ಅಂತ ಕೇಳುತ್ತಿದ್ದಳು. ಅಲ್ಲಿಗೆ ಆವತ್ತಿನ ಸರ್ಕಾರಿ ವ್ಯವಹಾರ ಮುಗಿಯುತ್ತಿತ್ತು.

ಮಕ್ಕಳು ನಾವೊಂದು ದಂಡೇ ಇದ್ದೆವು. ಹುಣಸೆ ಬೀಜ ಹಾಕಿಕೊಂಡು ಅಳಿಗುಳಿ, ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಚೌಕಾಬಾರ, ಬಿಸಿಲು ಇಳಿದ ಮೇಲೆ ಕುಂಟೆಬಿಲ್ಲೆ. ತಂತಿ ಬೇಲಿಯ ಸಂದಿಗೆ ಕೈ ತೂರಿಸಿದರೆ ಹಿಪ್ಪುನೇರಳೆ ಹಣ್ಣು ಸಿಗುತ್ತಿತ್ತು. ತಿಂದ ಮೇಲೆ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿ ಪಾಲಯ್ಯ ಮಾವನ ಕೈಗೆ ಸಿಕ್ಕಿಬೀಳುತ್ತಿದ್ದೆವು. "ಲೇ, ಬಾಯಿ ತೆಗೀರಿ ನೋಡಾನ!" ಅಂತ ಗದರುವನು. ನಾವು ಬಾಯಿ ಬಿಗಿ ಹಿಡಿದು ಓಡುವೆವು. ಹಾಗೆ ಓಡುವಾಗ ನಕ್ಕು ಸಿಕ್ಕಿಬೀಳುವವಳು ಸದಾ ನಾನೇ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು ಅಂದರೆ ಹಬ್ಬ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಯಾರದೋ ಮನೆಯ ನವಣೆ ಅನ್ನ, ಇನ್ಯಾರದೋ ಮನೆಯ ಮಾವಿನ ಉಪ್ಪಿನಕಾಯಿ. ಯಾರೂ ತಮ್ಮ ಬುತ್ತಿಯನ್ನು ತಾವೇ ತಿಂದದ್ದು ನಾನು ಕಾಣೆ. ಓಬಮ್ಮಜ್ಜಿ ಬೆಳ್ಳುಳ್ಳಿ ಖಾರ ತರುತ್ತಿದ್ದಳು, ತಿಂದರೆ ಕಿವಿಯಲ್ಲಿ ಹೊಗೆ ಬರಬೇಕು. ನಾನು ನೀರು ನೀರು ಅಂತ ಕುಣಿದರೆ "ಏಮೇ, ಇಷ್ಟಕ್ಕೇ ಅಳ್ತೀಯಾ? ನಾಳೆ ಅತ್ತೆ ಮನ್ಯಾಗ ಏನ್ ಮಾಡ್ತೀಯ?" ಅಂತ ನಗುತ್ತಿದ್ದಳು.

ಹುಳದ ಮನೆಯ ಹಿಂದಿನ ಕಿಟಕಿ ನಮ್ಮ ಮರದ ಕಡೆಗೇ ಇತ್ತು. ಕಾಣಲು ಏನೂ ಕಾಣದು, ತಂಪಿಗೆಂದು ಗೋಣಿತಾಟು ಇಳಿಬಿಟ್ಟಿರುತ್ತಿದ್ದರು. ಆದರೆ ಕೇಳಿಸುತ್ತಿತ್ತು. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅವುಗಳ ಹಸಿವು! ಮನೆ ತುಂಬ ಹುಳ ಒಟ್ಟಿಗೆ ಸೊಪ್ಪು ತಿನ್ನುವ ಚರಚರ ಸದ್ದು ಹೊರಗಿನವರೆಗೂ ಬರುತ್ತದೆ. ಆ ಸದ್ದು ಕೇಳಿಕೊಂಡೇ ಇವರು ಮರದಡಿ ಕೂತು ಲೆಕ್ಕ ಹಾಕುತ್ತಿದ್ದರು. "ಮೂರು ಎದ್ವು." "ನಾಲ್ಕಕ್ಕೆ ಕೂತ್ವು." ಕೆಲಸದಿಂದ ತೆಗೆದರೂ ಹುಳದ ಬಸಿರು ಬಾಣಂತನವೆಲ್ಲ ಇವರಿಗೇ ಬೇಕಿತ್ತು. ತಿಪ್ಪೇಸಣ್ಣನಿಗೆ ಮೈ ಉರಿಯುತ್ತಿತ್ತು. "ನಿಮ್ಮನ್ನ ಕತ್ತು ಹಿಡಿದು ತಳ್ಳಿದಾರೆ, ಇನ್ನೂ ಹುಳ ಹುಳ ಅಂತೀರಲ್ಲ, ಥೂ!" ಅನ್ನುವನು. ಒಂದು ಗಳಿಗೆ ಬಿಟ್ಟು ಅವನೇ ಕಿಟಕಿ ಕಡೆ ಕಿವಿ ಕೊಡುವನು.

ಆವತ್ತು ಬಿಸಿಲು ವಿಪರೀತ. ಅವ್ವ ಬೆಳಗ್ಗೆಯಿಂದಲೂ ಸರಿಯಾಗಿ ಕೂತಿರಲಿಲ್ಲ. ಎದ್ದು ಬೇಲಿ ತನಕ ಹೋಗುವಳು, ನಿಲ್ಲುವಳು, ಬರುವಳು.

"ಸದ್ದೇ ಇಲ್ವಲ್ಲಜ್ಜಿ" ಅಂದಳು ಓಬಮ್ಮಜ್ಜಿಗೆ.

"ನಾನೂ ಅದ್ನೇ ನೋಡ್ತಿದೀನಿ" ಅಂದಳು ಅಜ್ಜಿ. "ಮೊನ್ನೇನೇ ಎದ್ದಾವು. ಈಗ ಸದ್ದು ಇರ್ಬೇಕಲ್ಲ."

ಅವ್ವ ಗೇಟಿಗೆ ಹೋಗಿ ಪಾಲಯ್ಯ ಮಾವನನ್ನು ಕೇಳಿದಳು. ಅವನು ಮೊದಲು ಬಾಯಿ ಬಿಡಲಿಲ್ಲ. ಅವ್ವ ಬಿಡಬೇಕಲ್ಲ! ಕೊನೆಗೆ ಹೇಳಿದ: ಗುತ್ತಿಗೆ ಹುಡುಗರು ರಾಯದುರ್ಗದ ಕಡೆ ಯಾರದೋ ಮದುವೆಗೆ ಹೋದವರು ಬಂದಿಲ್ಲ. ಸಾಹೇಬರು ಮೀಟಿಂಗಿಗೆ ದುರ್ಗಕ್ಕೆ ಹೋಗಿದ್ದಾರೆ. ನಿನ್ನೆ ಸಂಜೆ ಹಾಕಿದ ಸೊಪ್ಪೇ ಕೊನೆ.

"ಅಯ್ಯೋ ನಿನ್ ಮನೆ ಕಾಯ! ನೀನಾದ್ರೂ ನಾಕು ಹಿಡಿ ಹಾಕಬಾರ್ದೇನಣ್ಣ?"

"ನಂಗೇನ್ ಗೊತ್ತವ್ವ ಅದು? ನಾನು ಗೇಟು ಕಾಯೋನು."

ಅವ್ವ ತಿರುಗಿ ಮರದ ಕಡೆ ನೋಡಿದಳು. ಅವಳ ಮುಖ ನೋಡಿಯೇ ತಿಪ್ಪೇಸಣ್ಣನಿಗೆ ಗೊತ್ತಾಗಿ ಹೋಯಿತು. ಓಡಿ ಬಂದು ಅಡ್ಡ ನಿಂತ. "ಮಲ್ಲಕ್ಕ, ಬ್ಯಾಡ. ವಕೀಲ್ರು ಏನಂದ್ರು ಮರೆತ್ಯಾ? ಒಂದು ಹೆಜ್ಜೆ ಇಟ್ಟೆ ಅಂದ್ರೆ ನಮ್ಮೆಲ್ಲರ ಅನ್ನಕ್ಕೂ ಮಣ್ಣು."

"ಗೊತ್ತು ಕಣಪ್ಪ" ಅಂದಳು ಅವ್ವ. "ಎಲ್ಲಾ ಗೊತ್ತೈತೆ. ಆದ್ರೆ ಹಸ್ಕಂಡು ತಲೆ ಆಡಿಸ್ತಿರ್ತಾವೆ. ನನ್ ಕೈಲಿ ಇಲ್ಲಿ ಕೂತ್ಕಳಕ್ಕಾಗಲ್ಲ."

ಪಾಲಯ್ಯ ಮಾವ ಅವಳನ್ನೇ ಒಂದು ಕ್ಷಣ ನೋಡಿದ. ಗೇಟಿನ ಚಿಲಕ ತೆಗೆದ. ಆಮೇಲೆ ಸ್ಟೂಲು ಎತ್ತಿಕೊಂಡು ಹೋಗಿ ರಸ್ತೆ ಕಡೆ ಮುಖ ಮಾಡಿ ಕೂತು ಬೀಡಿ ಹಚ್ಚಿದ.

ಅವ್ವ ಒಳಗೆ ಹೋದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ಹೋದೆ. ಅವ್ವ ಕಾನೂನು ಮುರಿಯುತ್ತಿದ್ದಾಳೆ, ಪೋಲೀಸರು ಬರುತ್ತಾರೆ, ಅವಳನ್ನು ಜೈಲಿಗೆ ಹಾಕುತ್ತಾರೆ ಅಂತ ಅಳು ಬರುವ ಹಾಗಾಗಿತ್ತು. ಹುಳದ ಮನೆಯ ಬಾಗಿಲಲ್ಲಿ ಅವ್ವ ಇದ್ದಕ್ಕಿದ್ದಂತೆ ನಿಂತಳು. ಈಗಲಾದರೂ ವಾಪಸ್ ಹೋಗೋಣ ಅನ್ನುತ್ತಾಳೆ ಅಂದುಕೊಂಡರೆ ಬಾಗಿಲ ಬಳಿಯ ಬ್ಲೀಚಿಂಗ್ ನೀರಿನ ತೊಟ್ಟಿ ತೋರಿಸಿ ಗದರಿದಳು.

"ಕಾಲು ಅದ್ದೇ! ಹಂಗೇ ಬರ್ತೀಯಾ ಒಳಗೆ? ಹುಳಕ್ಕೆ ರೋಗ ಬರ್ಲಿ ಅಂತನಾ?"

ಕಳ್ಳತನಕ್ಕೆ ನುಗ್ಗುವಾಗಲೂ ಕಾಲು ತೊಳೆದು ನುಗ್ಗುವ ಹೆಂಗಸು ನಮ್ಮವ್ವ!

ಒಳಗೆ ಹುಳಗಳು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಒಣಗಿದ ಕಡ್ಡಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಅವ್ವ ಲೊಚಗುಟ್ಟಿದಳು. ಅಷ್ಟರಲ್ಲಿ ಓಬಮ್ಮಜ್ಜಿ ಕುಂಟುತ್ತಾ ಬಂದಳು. ಅವಳ ಹಿಂದೆ ಉಳಿದವರು. ಕೆಲವರು ಕುಡುಗೋಲು ಹಿಡಿದು ತೋಟಕ್ಕೆ ಹೋದರು, ಕೆಲವರು ಗೋಣಿತಾಟಿಗೆ ನೀರು ಚಿಮುಕಿಸಿದರು. ಎಲ್ಲರಿಗಿಂತ ಕೊನೆಗೆ, ನಮ್ಮನ್ನೆಲ್ಲ ವಾಚಾಮಗೋಚರ ಬೈಯುತ್ತಾ, ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದವನು ತಿಪ್ಪೇಸಣ್ಣ. ಸೊಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಆ ಸದ್ದು ಶುರುವಾಯಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಮನೆ ತುಂಬ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾ ನಿಂತಳು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು.

ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು.

ಮುಂದಿನದು ಹೇಳುವುದೇ ಬೇಡ. ಕೂಗಾಟ, ಪೋಲೀಸ್ ಸ್ಟೇಷನ್ನು, ಅತಿಕ್ರಮ ಪ್ರವೇಶ ಅಂತ ದೂರು. ಪಾಲಯ್ಯ ಮಾವನಿಗೆ ನೋಟೀಸು. ಮಾರನೆ ದಿನ ಎಲ್ಲರೂ ಚಳ್ಳಕೆರೆಗೆ ಹೋಗಿ ವಕೀಲರ ಮುಂದೆ ತಲೆ ತಗ್ಗಿಸಿ ನಿಂತರು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಏನಮ್ಮಾ ಮಲ್ಲಮ್ಮ, ಕೆಲಸ ಮುಖ್ಯನೋ ಹುಳ ಮುಖ್ಯನೋ ನಿಂಗೆ? ನಾನು ಅಷ್ಟು ಬಡ್ಕಂಡು ಹೇಳಿದ್ನಲ್ಲಮ್ಮ!"

"ಕೆಲಸಾನೇ ಮುಖ್ಯ ಸ್ವಾಮಿ" ಅಂದಳು ಅವ್ವ. "ಆದ್ರೆ ನಮಗೆ ಅನ್ಯಾಯ ಆದ್ರೆ ನಿಮ್ಮತ್ರ ಬರ್ತೀವಿ, ಕೇಸು ಹಾಕ್ತೀವಿ. ಅವು ಎಲ್ಲಿಗೆ ಹೋಗ್ತಾವೆ?"

ವಕೀಲರು ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು.

ಮರದಡಿ ಮೊದಲಿನಂತೆ ಉಳಿಯಲಿಲ್ಲ. ಒಳಗೆ ಹೋದವರು ಎಲ್ಲರೂ, ತಪ್ಪು ಮಾತ್ರ ನಮ್ಮವ್ವನದು. ಜನ ಅಂದರೆ ಹಾಗೇ ಅಲ್ಲವೇ? ತಿಪ್ಪೇಸಣ್ಣ ಮಾತು ಬಿಟ್ಟ. ಇನ್ನು ಕೆಲವರು ಬುತ್ತಿ ಬಿಚ್ಚುವಾಗ ನಮ್ಮ ಕಡೆ ಬೆನ್ನು ಮಾಡಿ ಕೂರತೊಡಗಿದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರ ಮಕ್ಕಳ ಚೌಕಾಬಾರದ ಗೆರೆಯನ್ನೆಲ್ಲ ಕಾಲಲ್ಲಿ ಅಳಿಸಿ ಬಂದೆ. ಅವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅಳುತ್ತಿದ್ದಳು. ಕೇಳಿದರೆ "ಹೊಗೆ ಕಣೇ" ಅನ್ನುತ್ತಿದ್ದಳು. ಓಬಮ್ಮಜ್ಜಿ ಮಾತ್ರ ಬುಡದ ಜಾಗ ಬಿಟ್ಟು ಎದ್ದು ಬಂದು ಅವ್ವನ ಪಕ್ಕಕ್ಕೇ ಕೂತಳು. "ಪೋನೀಯೇ, ಹೋಗ್ಲಿ ಬಿಡು, ನೀನು ಹೋಗ್ದಿದ್ರೆ ನಾನು ಹೋಗ್ತಿದ್ದೆ" ಅಂದಳು. ಅವ್ವ ಅಜ್ಜಿಯ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲೇ ಇಲ್ಲ.

ದುರ್ಗದ ಕೋರ್ಟಿನಲ್ಲಿ ಸಾಹೇಬರ ಸಾಕ್ಷಿಯ ದಿನ ಬಂತು. ಅವ್ವ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಸೋತರೆ ಇವತ್ತೇ ಸೋಲುವುದು ಎಂದು ಬಸ್ಸಿನಲ್ಲಿ ಎಲ್ಲರೂ ಮಾತಾಡಿಕೊಂಡರು. ಕೋರ್ಟ್ ಹಾಲಿನ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತೆವು.

ಸಾಹೇಬರು ಕಟಕಟೆಯಲ್ಲಿ ನಿಂತು ಅವರ ವಕೀಲರು ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಹೇಳಿದರು. ಹುಳ ಸಾಕುವುದು ನಿಂತಿದೆ. ಕೆಲಸವಿಲ್ಲ. ಇವರಾಗಿಯೇ ಬಿಟ್ಟರು. ಆಮೇಲೆ ನಮ್ಮ ವಕೀಲರು ಎದ್ದರು. ನುಗ್ಗಿದ ವಿಷಯವನ್ನೇ ಎತ್ತಲಿಲ್ಲ. ತೀರಾ ಮೆತ್ತಗೆ ಕೇಳಿದರು: "ಇಷ್ಟು ವರ್ಷ ಇವರು ನಿಮ್ಮಲ್ಲಿ ಕೆಲಸ ಮಾಡಿದ್ದಾರೆ. ಒಳ್ಳೆಯ ಕೆಲಸಗಾರರು ಅಂತ ಒಪ್ಪುತ್ತೀರಾ?"

ಅಷ್ಟು ಸಾಕಾಯಿತು. ಸಾಹೇಬರಿಗೆ ಎಲ್ಲಿತ್ತೋ ಸಿಟ್ಟು. "ಏನು ಒಳ್ಳೆಯವರು ಸ್ವಾಮಿ? ಶಿಸ್ತು ಅನ್ನೋದೇ ಇಲ್ಲ! ನಾನು ಇಲ್ಲದ ಹೊತ್ತು ನೋಡಿ ನುಗ್ಗಿದ್ದಾರೆ. ನಾಲ್ಕನೇ ಜ್ವರ ಎದ್ದಿದ್ದ ಹುಳಕ್ಕೆ ತಮಗೆ ತೋಚಿದಷ್ಟು ಸೊಪ್ಪು ಹಾಕಿದ್ದಾರೆ. ಅಪ್ಪಣೆ ಇಲ್ಲದೆ!"

ನಮ್ಮ ವಕೀಲರು ಅಷ್ಟೇ ಮೆತ್ತಗೆ ಕೇಳಿದರು: "ಯಾವ ಹುಳಕ್ಕೆ?"

ಸಾಹೇಬರು ತಮ್ಮ ವಕೀಲರ ಕಡೆ ನೋಡಿದರು.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಹುಳ ಸಾಕುವುದು ನಿಲ್ಲಿಸಿದ್ದೇವೆ ಎಂದು ಈಗಷ್ಟೇ ಹೇಳಿದಿರಿ."

"ಅದು... ಸ್ವಲ್ಪ ಇತ್ತು, ಸ್ವಾಮಿ."

"ಸ್ವಲ್ಪ ಅಂದರೆ?"

"ಮನೆ ತುಂಬಾ ಇತ್ತು ಸಾಮೀ!" ಅಂತ ಹಿಂದಿನಿಂದ ಓಬಮ್ಮಜ್ಜಿ ಕೂಗಿಬಿಟ್ಟಳು. ಜವಾನ ಓಡಿ ಬಂದು ಶ್ ಅಂದ. ಹಾಲಿನಲ್ಲಿ ಎಲ್ಲರೂ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಆದರೆ ಬೈಯಲೂ ಇಲ್ಲ. ಆ ಹುಳಗಳಿಗೆ ದಿನಾ ಸೊಪ್ಪು ಹಾಕುವವರು ಯಾರು ಎಂದು ಅವರೇ ಕೇಳಿದರು. ಗುತ್ತಿಗೆದಾರನ ಆಳುಗಳು ಎಂದು ಸಾಹೇಬರ ಬಾಯಿಂದ ಹೊರಗೆ ಬಂತು. ಅಲ್ಲಿಗೆ ಕೆಲಸ ಇಲ್ಲ ಅನ್ನುವ ಸುಳ್ಳು ಕಟಕಟೆಯಲ್ಲೇ ಸತ್ತಿತು.

ಹೊರಗೆ ಬಂದಾಗ ವಕೀಲರು ಅವ್ವನಿಗೆ ಕೈ ಮುಗಿದರು. ಅವ್ವ ಗಾಬರಿಯಾಗಿ ತಾನೂ ಮುಗಿದಳು. ತಿಪ್ಪೇಸಣ್ಣ ಎಲ್ಲಿಂದಲೋ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಅವ್ವನ ಮುಂದೆ ಹಿಡಿದ. "ತಗಾ ಮಲ್ಲಕ್ಕ. ಇನ್ಮೇಲೆ ನೀನು ಎಲ್ಲಿ ನುಗ್ಗು ಅಂದ್ರೂ ನುಗ್ತೀನಿ" ಅಂದ. ಅವನ ಕಣ್ಣು ತುಂಬಿತ್ತು. ಅವ್ವ ಬಜ್ಜಿ ತೆಗೆದುಕೊಂಡು "ಮೊದ್ಲು ಕಾಲು ತೊಳ್ಕಂಡು ನುಗ್ಗು" ಅಂದಳು.

ತೀರ್ಪು ಬರಲು ಇನ್ನೂ ಕಾಲ ಹಿಡಿಯಿತು. ಬಂದಾಗ ಎಲ್ಲರನ್ನೂ ಮರಳಿ ತೆಗೆದುಕೊಳ್ಳಬೇಕೆಂದು ಬಂತು. ಪೋಲೀಸ್ ದೂರೂ ಪಾಲಯ್ಯ ಮಾವನ ನೋಟೀಸೂ ತಣ್ಣಗಾದವು. ಮೊದಲ ದಿನ ಅವನು ಗೇಟಿನ ಎರಡೂ ಬಾಗಿಲು ಹಾರು ಹೊಡೆದು ನಿಂತಿದ್ದ. ಅವ್ವ, ಓಬಮ್ಮಜ್ಜಿ, ತಿಪ್ಪೇಸಣ್ಣ ಎಲ್ಲರೂ ಒಳಗೆ ಹೋದರು. ಬೇರೆ ಮಕ್ಕಳು ಆವತ್ತು ಬಂದಿರಲಿಲ್ಲ, ಹೊರಗೆ ಬೇವಿನ ಮರದಡಿ ನಾನು ಒಬ್ಬಳೇ ಉಳಿದೆ. ಆಗ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು ನೋಡಿ. ಗೆದ್ದ ದಿನ ಅಳುತ್ತಾಳಲ್ಲ ಇವಳು ಎಂದು ಪಾಲಯ್ಯ ಮಾವ ಕಂಗಾಲಾದ. ಅವರಿಗೆಲ್ಲ ಕೆಲಸ ಸಿಕ್ಕಿತು, ನನ್ನ ಊರೊಂದು ಎದ್ದುಹೋಯಿತು.

ಈಗ ಅವ್ವ ನಿವೃತ್ತಳು. ಓಬಮ್ಮಜ್ಜಿ ಇಲ್ಲ. ನಾನು ತಾಲ್ಲೂಕು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹೊರಗುತ್ತಿಗೆ ಕೆಲಸದವಳಾಗಿದ್ದೆ. ಆಗಿದ್ದೆ ಅಂತಲೇ ಹೇಳಬೇಕು. ಹೋದ ತಿಂಗಳು ನಮ್ಮನ್ನೆಲ್ಲ ತೆಗೆದರು. ಎದುರು ಕರೆದು ಹೇಳುವ ಸಾಹೇಬರೂ ಈಗಿಲ್ಲ, ಫೋನಿಗೆ ಒಂದು ಮೆಸೇಜು, ಅಷ್ಟೇ. ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಚದುರಿ ಹೋಗಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗ್ರೂಪಿನಲ್ಲಿ ದಿನಕ್ಕೊಂದು ಅಳುವ ಚಿತ್ರ ಹಾಕುವುದು ಬಿಟ್ಟರೆ ನಮಗೆ ಬೇರೆ ಒಗ್ಗಟ್ಟು ತಿಳಿಯದು. ಒಬ್ಬರ ಬುತ್ತಿಯಲ್ಲಿ ಏನಿರುತ್ತದೆಂದು ಇನ್ನೊಬ್ಬರಿಗೆ ಗೊತ್ತಿರುವ ಕಾಲ ಯಾವಾಗ ಕೈ ಬಿಟ್ಟು ಹೋಯಿತೋ, ನನಗೆ ತಿಳಿಯಲೇ ಇಲ್ಲ.

ಕಳೆದ ಭಾನುವಾರ ಅವ್ವನ ಒತ್ತಾಯಕ್ಕೆ ಎಲ್ಲರನ್ನೂ ನಮ್ಮ ಮನೆಗೆ ಕರೆದೆ. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಬಂದರು. ಮೊದಲು ಕೋರ್ಟಿಗೆ ಹೋಗುವ ಮಾತಿಗೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿರಿಯೂರಿನ ಕಡೆಯ ಹುಡುಗಿಯೊಬ್ಬಳು ಅವ್ವನನ್ನೇ ಕೇಳಿದಳು: "ಅಮ್ಮಾ, ಕೋರ್ಟು ಅಂದ್ರೆ ವರ್ಷಗಟ್ಟಲೆ ಆಗ್ತದಂತೆ. ಅಷ್ಟು ವರ್ಷ ಹಿಂಗೇ ಹೋಗ್ಬಿಟ್ರೆ?"

ಅವ್ವ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ವರ್ಷ ಹೆಂಗೂ ಹೋಗ್ತಾವೆ ಕಣವ್ವ. ಕೇಸು ಹಾಕಿದ್ರೂ ಹೋಗ್ತಾವೆ, ಹಾಕದಿದ್ರೂ ಹೋಗ್ತಾವೆ. ಹಾಕಿದ್ರೆ ಜೊತೇಲಿ ನಾಕು ಜನ ಇರ್ತಾರೆ."

ಆ ಹುಡುಗಿ ರೊಟ್ಟಿ ಮುರಿದು ಪಕ್ಕದವಳಿಗೆ ಅರ್ಧ ಕೊಟ್ಟಳು. ಸೋಮವಾರ ನಾವೆಲ್ಲ ಒಂದೇ ಬಸ್ಸಿಗೆ ಹತ್ತಿ ವಕೀಲರ ಹತ್ತಿರ ಹೋದೆವು.